ಪಟ್ಟಿಯಲ್ಲಿಲ್ಲದ ಬಾವಿ

ಭಾಗಪ್ಪನ ನಾಲಿಗೆಯ ಮೇಲೆ ಸರಸ್ವತಿ ಇರಲಿಲ್ಲ, ಗಂಗೆ ಇದ್ದಳು. ಮಾತು ಬರುತ್ತಿದ್ದುದು ಅಷ್ಟಕ್ಕಷ್ಟೇ. ನೀರು ಮಾತ್ರ ಅವನ ಬಾಯಿಗೆ ಬಿದ್ದ ಕೂಡಲೇ ತನ್ನ ಊರು-ಕೇರಿ ಒಪ್ಪಿಕೊಂಡುಬಿಡುತ್ತಿತ್ತು. ವಿಜಯಪುರದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವನು ಅವನು. ಇಲಾಖೆಯ ಜೀಪಿನಲ್ಲಿ ಹಳ್ಳಿಹಳ್ಳಿಗೆ ಹೋಗಿ, ಬಾವಿ-ಬೋರುಗಳ ನೀರನ್ನು ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ತರುವುದು ಕೆಲಸ. ಚೀಟಿ ಅಂಟಿಸುವ ಮುಂಚೆ ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ, ಉಗುಳಿ, "ಸವಳು ಐತಿ. ಉಪ್ಪಿನಂಶ ಸಾವಿರದ ಎಂಟನೂರರ ಹತ್ರ ಬರತೈತಿ ನೋಡ್ರಿ" ಅನ್ನುತ್ತಿದ್ದ. ಮಾರನೆಯ ದಿನ ಯಂತ್ರ ಸಾವಿರದ ಐನೂರು ಎಂದು ತೋರಿಸಿದರೆ ಕೆಮಿಸ್ಟರು ಭಾಗಪ್ಪನನ್ನು ಏನೂ ಕೇಳುತ್ತಿರಲಿಲ್ಲ, ಯಂತ್ರವನ್ನು ಒರೆಸಿ ಇನ್ನೊಮ್ಮೆ ನೋಡುತ್ತಿದ್ದರು.

ಈ ಕೆಲಸದಲ್ಲಿ ಅವನಿಗೊಂದು ಗುಟ್ಟಿನ ಸುಖವಿತ್ತು. ಅವನ ಅಪ್ಪನ ಹೆಸರು ರಾಜಾರಾಮ. ಹೆಸರಿನಲ್ಲಿ ರಾಜನೂ ಇದ್ದ, ರಾಮನೂ ಇದ್ದ. ಬಾವಿಯ ಹತ್ತಿರ ಮಾತ್ರ ಇಬ್ಬರೂ ಕೆಲಸಕ್ಕೆ ಬರಲಿಲ್ಲ. ಟಿಕೋಟಾದ ಆಚೆ ಅವರ ಹಳ್ಳಿ. ಅಲ್ಲಿ ಅವರ ಕೇರಿಯವರು ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಕೊಡವನ್ನು ಕೆಳಗಿಟ್ಟು ದೂರ ನಿಲ್ಲಬೇಕು. ಮೇಲಿನವರು ಯಾರಾದರೂ ಮನಸ್ಸು ಮಾಡಿ ಸೇದಿ ಸುರಿದರೆ ನೀರು, ಇಲ್ಲದಿದ್ದರೆ ನಿಂತದ್ದೇ ಬಂತು. ಬಾಯಾರಿದರೆ ಬಗ್ಗಿ ಬೊಗಸೆ ಒಡ್ಡಬೇಕು, ಅವರು ಮೇಲಿನಿಂದ ಸುರಿಯಬೇಕು. ಅಪ್ಪನ ಬೊಗಸೆಯ ಪಕ್ಕ ತನ್ನ ಚಿಕ್ಕ ಬೊಗಸೆ ಒಡ್ಡಿ ಭಾಗಪ್ಪನೂ ಕುಡಿದವನೇ. ಅವನಿಗೆ ಒಂಬತ್ತು ವರ್ಷವಾದಾಗ ರಾಜಾರಾಮ ಸಂಸಾರ ಕಟ್ಟಿಕೊಂಡು ವಿಜಯಪುರಕ್ಕೆ ಬಂದ; ಗಾಂಧಿ ಚೌಕದ ಸಗಟು ಅಂಗಡಿಗಳಲ್ಲಿ ಚೀಲ ಹೊತ್ತು ೧೯೮೪ರಲ್ಲಿ ಸತ್ತ. ಮಗ ಸರ್ಕಾರದ ಬಾಟಲಿ ಹಿಡಿದು ಹಳ್ಳಿಗಳಿಗೆ ಹೊರಟಾಗ ನೋಡಲಿಕ್ಕೆ ಅವನಿರಲಿಲ್ಲ. ಊರೂರ ಹಿರಿಯರು ತಾವೇ ಹಗ್ಗ ಕೈಗೆ ಕೊಟ್ಟು, "ನೀವs ಸೇದ್ರಿ ಸಾಹೇಬ್ರ, ಸರ್ಕಾರದ ಕೆಲಸ" ಎನ್ನುತ್ತಿದ್ದರು. ಬಬಲೇಶ್ವರದಿಂದ ಅರಕೇರಿಯವರೆಗಿನ ಬಾವಿಗಳೆಲ್ಲ ಭಾಗಪ್ಪನ ಬಾಯಲ್ಲಿದ್ದವು. ತನ್ನ ಊರಿನ ಅದೊಂದನ್ನು ಬಿಟ್ಟು. ಅದು ಖಾಸಗಿ ಹೊಲದ ಬಾವಿ. ಸರ್ಕಾರದ ಪಟ್ಟಿಯಲ್ಲಿ ಇರಲಿಲ್ಲ.

ನಿವೃತ್ತಿಗೆ ಒಂದು ವರ್ಷವಿರುವಾಗ ಎಲ್ಲರಿಗೂ ಬಂದ ಜ್ವರ ಅವನಿಗೂ ಬಂತು. ಎಲ್ಲರಿಗೂ ಹೋದ ರುಚಿ ಅವನಿಗೂ ಹೋಯಿತು. ಎಲ್ಲರಿಗೂ ತಿರುಗಿ ಬಂದದ್ದು ಅವನಿಗೆ ಬರಲಿಲ್ಲ. ಮೊದಲು ಒಂದು ತಿಂಗಳು ಕಾದ, ಆಮೇಲೆ ಒಂದು ವರ್ಷ. ಸವಳೂ ಅಷ್ಟೇ, ಸವಿಯೂ ಅಷ್ಟೇ, ಬಾಯಲ್ಲಿ ಬರೀ ತಂಪು ಉಳಿಯಿತು. ಯಾರಿಗೂ ಹೇಳಲಿಲ್ಲ. ಹಾಡುಗಾರನ ಕಂಠ ಹೋದರೆ ಊರಿಗೆ ಕೇಳಿಸುತ್ತದೆ. ಇದು ಕೇಳಿಸುವ ಪೈಕಿ ಅಲ್ಲವಲ್ಲ.

ನಿವೃತ್ತಿಯ ಮೇಲೂ ಜನ ಬಾಟಲಿ ಹಿಡಿದು ಮನೆಗೆ ಬರುವುದು ನಿಲ್ಲಲಿಲ್ಲ. ತೊರವಿಯ ಕಡೆ ಪ್ಲಾಟು ಕೊಳ್ಳುವವರಂತೂ ಜ್ಯೋತಿಷಿಗಿಂತ ಮೊದಲು ಅವನ ಹತ್ತಿರ ಬರುತ್ತಿದ್ದರು. ಅವನು ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಹಳೆಯ ಗತ್ತಿನಲ್ಲೇ ಉಗುಳಿ, ಸುಮ್ಮನೆ ಎನ್ನುವಂತೆ ಕೇಳುತ್ತಿದ್ದ: "ಬ್ಯಾಳಿ ಲಗೂ ಬೇಯ್ತಾವೇನು? ಕೊಡದ ಅಂಚಿಗೆ ಬೆಳ್ಳಗ ಕಟ್ಟತೈತೇನು? ಸಬಕಾರಕ್ಕ ನೊರಿ ಬರತೈತಿಲ್ಲೋ?" ಉತ್ತರ ಅವರೇ ಹೇಳಿಬಿಡುತ್ತಿದ್ದರು. ಅದನ್ನೇ ಅವನು ತೀರ್ಪು ಮಾಡಿ ತಿರುಗಿ ಕೊಡುತ್ತಿದ್ದ. "ಹೆಂಗ ಹೇಳಿದ ನೋಡ್ರಿ!" ಎಂದು ಅವರು ಬೆರಗಾಗಿ ಹೋಗುತ್ತಿದ್ದರು.

ಹೀಗಿರುವಾಗ ಚಂದ್ರಕಾಂತ ಬಂದ. ಮೂವತ್ತೈದರ ಯುವಕ, ಟಿಕೋಟಾದ ಕಡೆಯ ದ್ರಾಕ್ಷಿ ತೋಟದ ಮನೆತನ. ಕೈಯಲ್ಲಿ ಒಂದು ಫೈಲು, ಇನ್ನೊಂದು ಕೈಯಲ್ಲಿ ಜೇನಿನ ಬಣ್ಣದ ಬಾಟಲಿ. ಭಾಗಪ್ಪ ರೂಢಿಯಂತೆ ಬಾಟಲಿಗೆ ಕೈಚಾಚಿದ.

"ಅಯ್ಯ, ಇದು ನೀರಲ್ರಿ ಕಾಕಾ," ಎಂದು ಚಂದ್ರಕಾಂತ ನಕ್ಕ. "ಬೀರ್. ನಮ್ಮ ಬಿಳಿಜ್ವಾಳದ್ದು. ಕ್ರಾಫ್ಟ್ ಬೀರ್."

ಭಾಗಪ್ಪನಿಗೆ ಗೊತ್ತಿದ್ದ ಕ್ರಾಫ್ಟು ಶಾಲೆಯದು. ಕ್ರಾಫ್ಟ್ ಮಾಸ್ತರು ವಾರಕ್ಕೊಮ್ಮೆ ಮಣ್ಣಿನಲ್ಲಿ ಬಾಳೆಹಣ್ಣು ಮಾಡಿಸುತ್ತಿದ್ದರು. ಅದು ಕೊನೆಗೆ ಮಣ್ಣೇ ಆಗಿರುತ್ತಿತ್ತು.

ಚಂದ್ರಕಾಂತ ಬಿಡಿಸಿ ಹೇಳಿದ. ಪುಣೆಯ ಇಬ್ಬರು ಗೆಳೆಯರ ಜೊತೆ ಕಂಪನಿ ತೆಗೆದಿದ್ದ. ಹೆಸರು 'ಡೋಣಿ'. ದೊಡ್ಡ ಕಾರ್ಖಾನೆಯ ಮಾಲಿನಂತಲ್ಲ; ಸಣ್ಣ ಸಣ್ಣ ಹಂಡೆಯಲ್ಲಿ, ಊರಿನ ಜೋಳ, ಊರಿನ ಒಣದ್ರಾಕ್ಷಿ, ಊರಿನ ನೀರಿನಲ್ಲಿ ತಯಾರಾಗುವುದು. ಪರಿಚಯದವರಿಂದ ಮೊದಲ ಬಂಡವಾಳ ಎತ್ತುತ್ತಿದ್ದರು. ಒಬ್ಬರಿಗೆ ಕನಿಷ್ಠ ಐದು ಲಕ್ಷ.

"ನನಗ್ಯಾಕಪಾ ಹೇಳತೀ ಇದನ್ನ?" ಎಂದ ಭಾಗಪ್ಪ.

"ಪ್ಯಾಟಿ ಮಂದಿ ಬೀರ್ ಕುಡಿಯೂದಿಲ್ರಿ ಕಾಕಾ, ಕತಿ ಕುಡೀತಾರ. ಮೂವತ್ತು ವರ್ಷ ಜಿಲ್ಲಾದ ನೀರು ಕುಡದ ನಾಲಿಗಿ ಈ ಬಾವಿ ಆರಿಸೈತಿ ಅಂತ ಬಾಟ್ಲಿ ಮ್ಯಾಲ ಬರಿಯೂದು. ಬರೇ ಹೆಸರಷ್ಟ ಅಲ್ಲ, ನೀವೂ ಪಾಲುದಾರ್ರು. ಪಾಲುದಾರನs ನೀರು ಆರಿಸ್ಯಾನ ಅಂದ್ರ ಮಂದಿ ನಂಬತಾರ."

"ಯಾವ ಬಾವಿ?"

"ನಮ್ಮ ಹೊಲದ್ದು. ನಿಮ್ಮೂರs ಅಲ್ರಿ ಅದು? ಬಾವಿ, ಅದರ ಸುತ್ತಿನ ಎರಡೆಕರೆ ಎಲ್ಲಾ ಕಂಪನಿ ಹೆಸರಿಗಿ ಮಾಡೇವಿ. ಷೇರ್ ತಗೊಂಡ್ರ ಆ ಬಾವ್ಯಾಗ ನಿಮ್ಮದೂ ಪಾಲು. ಕಾಗದದ ಮ್ಯಾಲ."

ಅದೇ ಬಾವಿ. ರಾಜಾರಾಮ ಕೊಡ ಇಟ್ಟು ನಿಂತ ಬಾವಿ ಈಗ ಫೈಲಿನೊಳಗೆ ಬಂದು ಕುಳಿತು ಅವನ ಸಹಿಗೆ ಕಾಯುತ್ತಿತ್ತು.

ಚಂದ್ರಕಾಂತ ಹೋದ ಮೇಲೆ ಹೆಂಡತಿ ಸೀತವ್ವ ಅಡಿಗೆಮನೆಯಿಂದ ಬಂದಳು. ಸೆರಗಿನ ತುದಿಯಿಂದ ಬಾಟಲಿಯ ಕುತ್ತಿಗೆ ಹಿಡಿದು, ಸತ್ತ ಇಲಿಯನ್ನು ಒಯ್ಯುವಂತೆ ಒಯ್ದು ಕಾಂಪೌಂಡಿನ ಗೋಡೆಯ ಮೇಲೆ ಇಟ್ಟು ಬಂದಳು. ಅವಳ ಅಪ್ಪ ಕುಡಿದು ಕುಡಿದೇ ಹೋದವನು. ಬಾಟಲಿ ಎರಡು ದಿನ ಗೋಡೆಯ ಮೇಲಿತ್ತು, ಮೂರನೆಯ ದಿನ ಇರಲಿಲ್ಲ. ಓಣಿಯಲ್ಲಿ ಯಾರೂ ಒಪ್ಪಿಕೊಳ್ಳಲಿಲ್ಲ.

"ಏನದು ಸೇರು ಅಂತಿದ್ನಲ್ರಿ ಆ ಹುಡುಗ?" ಎಂದಳು. "ಐದು ಲಕ್ಷಕ್ಕ ಒಂದು ಸೇರೇನು? ಎಂಥಾ ತುಟ್ಟಿ ಜ್ವಾಳದರಿ ಅದು?"

"ಸೇರಲ್ಲಬೇ, ಷೇರು. ಪಾಲು. ಬಾವ್ಯಾಗ ಪಾಲು."

"ಬಾವ್ಯಾಗೋ, ಬಾಟ್ಲ್ಯಾಗೋ?" ಸೀತವ್ವ ಅವನ ಮುಂದೆ ಕುಳಿತಳು. "ಪ್ರತಿ ಐತವಾರ ಬುದ್ಧ ವಿಹಾರದಾಗ ನಿಂತು ಪಂಚಶೀಲ ಹೇಳಿಸವ್ರು ನೀವು. ಐದನೇದ್ದು ಏನೈತಿ? ಕುಡಿಯೂದಿಲ್ಲ ಅಂತ. ಅದನ್ನ ಹೇಳಿಸೂ ಮುಂದ ಯಾರ ಮಾರಿ ನೋಡತೀರಿ? ನಾ ಮುಂದಿನ ಸಾಲಿನ್ಯಾಗs ಕೂತಿರತೀನಿ."

"ನಾ ಎಲ್ಲಿ ಕುಡೀತೀನಿ?"

"ಕುಡಸ್ತೀರಲ್ಲ."

ಅವನ ಮನಸ್ಸಿನಲ್ಲಿದ್ದದ್ದನ್ನು ಹೇಳುವಂತಿರಲಿಲ್ಲ. ಐದು ಲಕ್ಷ ಕೊಟ್ಟು ಅವನು ಬೀರನ್ನೂ ಕೊಳ್ಳುತ್ತಿರಲಿಲ್ಲ, ಲಾಭವನ್ನೂ ಕೊಳ್ಳುತ್ತಿರಲಿಲ್ಲ. ಒಂದು ಕಾಗದ ಬೇಕಿತ್ತು. ಆ ಬಾವಿಯ ದಂಡೆಯ ಮೇಲೆ ನಿಂತು, ತನ್ನ ಕೈಯಿಂದ ತಾನೇ ನೀರು ಸೇದಿ, ಯಾಕೆ ಸೇದಿದೆ ಎಂದು ಕೇಳುವವನಿಗೆ ತೋರಿಸುವ ಕಾಗದ. ಈಗ ಹಾಗೆ ಕೇಳುವವರು ಯಾರೂ ಉಳಿದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಕೇಳುವವರು ಸತ್ತ ಮೇಲೂ ಉತ್ತರ ಬದುಕಿರುತ್ತದೆ, ಅದೇ ತಾಪತ್ರಯ.

ಮಾರನೆಯ ದಿನ ಗಾಂಧಿ ಚೌಕದಲ್ಲಿ ದಾದಾಸಾಬನನ್ನು ಕಂಡ. ದಾದಾಸಾಬ ಇಲಾಖೆಯ ಜೀಪು ಓಡಿಸಿದವನು. ಮೂವತ್ತು ವರ್ಷ ಇಬ್ಬರೂ ಒಂದೇ ಧೂಳು ಕುಡಿದವರು. ಚಹಾ ತರಿಸಿ, ಭಾಗಪ್ಪ ಹೇಳಿದ್ದನ್ನೆಲ್ಲ ಕೇಳಿ, ಅವನು ಬಸಿಯಲ್ಲಿ ಚಹಾ ಆರಿಸುತ್ತ ಎಂದ:

"ನನಗ ಹರಾಮ, ನಿನಗ ಪಂಚಶೀಲ. ಊರಾಗ ಬೀರ್ ಕುಡಿಯಾಕ ಬರದ ಇಬ್ಬರ ಪೈಕಿ ಒಬ್ಬನ್ನ ಹುಡುಕಿ ಹಿಡದಾನಲ್ಲೋ ಆ ಹುಡುಗ! ಇನ್ನ ಮ್ಯಾಲ ನೀರು ಭಾಗಪ್ಪ ಅನ್ನೂದಿಲ್ಲ ಬಿಡು, ಬೀರು ಭಾಗಪ್ಪ."

"ಚ್ಯಾಷ್ಟಿ ಬ್ಯಾಡಲೇ. ಮಾಡ್ಲೋ ಬ್ಯಾಡೋ ಹೇಳು."

"ಹೆಸರs ನೋಡಲೇ. ಡೋಣಿ ಹೊಳಿ ನೀರು ಎಮ್ಮಿ ಸೈತ ಮೂಸಿ ಬಿಡತೈತಿ, ಅಷ್ಟು ಉಪ್ಪು. ಅದರ ಹೆಸರು ಬಾಟ್ಲಿಗಿ ಇಟ್ಟವ್ಗ ನೀರಿನ ಖಬರೂ ಇಲ್ಲ, ಊರಿನ ಖಬರೂ ಇಲ್ಲ." ದಾದಾಸಾಬ ಬಸಿ ಕೆಳಗಿಟ್ಟ. ದನಿ ತಗ್ಗಿತು. "ರೊಕ್ಕ ಹೋದ್ರ ಹೋಗವಲ್ದು ಅನ್ನಾಕೂ ಬರೂದಿಲ್ಲ. ಐದು ಹೋದ್ರ ಬ್ಯಾಂಕಿನ್ಯಾಗ ಎಷ್ಟು ಉಳೀತೈತಿ?"

"ಒಂದೂವರೆ."

"ಮತ್ತ ಕೇಳತೀಯಲ್ಲ."

"ಬಾವಿ ಅದs ಐತಿ ದಾದ್ಯಾ."

ದಾದಾಸಾಬನಿಗೆ ಆ ಬಾವಿ ಗೊತ್ತಿತ್ತು. ಆ ದಾರಿಯಲ್ಲಿ ಹೋಗುವಾಗ ಜೀಪು ನಿಧಾನ ಮಾಡು ಎಂದು ಭಾಗಪ್ಪ ಒಮ್ಮೆಯೂ ಹೇಳಿರಲಿಲ್ಲ, ಅವನು ಒಮ್ಮೆಯೂ ನಿಧಾನ ಮಾಡದೆ ಇರಲಿಲ್ಲ. ಈಗ ಚಹಾದ ರೊಕ್ಕ ಎಣಿಸಿ ಇಟ್ಟು, "ಯಾವಾಗ ಹೋಗೂದೈತಿ ಹೇಳು. ಗಾಡಿ ತರತೀನಿ" ಎಂದಷ್ಟೇ ಅಂದ.

ಗುರುವಾರ ಮುಂಜಾನೆ ಭಾಗಪ್ಪ ಐದು ಲಕ್ಷದ ಚೆಕ್ ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಸೀತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆ ದಿನ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಯಾವತ್ತಿಗಿಂತ ಜೋರಾಗಿತ್ತು.

ಅವನು ಒಂದೇ ಕರಾರು ಹಾಕಿದ್ದ: ನೀರನ್ನು ತಾನೇ ಸೇದಬೇಕು. ಚಂದ್ರಕಾಂತ ಹೂಂ ಅಂದಿದ್ದ. ದಾದಾಸಾಬನ ಮೋಟರ್‌ಸೈಕಲ್ಲಿನಿಂದ ಇಳಿದು ನೋಡಿದರೆ ಬಾವಿಗೆ ಗಾಲಿಯೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಬಾಯಿಗೆ ಕಬ್ಬಿಣದ ಜಾಳಿಗೆ ಹೊದಿಸಿ, ಅದರೊಳಗಿಂದ ಪೈಪು ಎಳೆದಿದ್ದರು. ಸೇದುವವರೂ ಇಲ್ಲ, ಸುರಿಯುವವರೂ ಇಲ್ಲ. ಗೋಡೆಯ ಮೇಲೆ ಬಟನ್ ಇತ್ತು. ಭಾಗಪ್ಪ ಜಾಳಿಗೆಯ ತೂತಿನಿಂದ ಕೆಳಗೆ ನೋಡಿದ. ನೀರು ಬಲು ಕೆಳಗಿತ್ತು. ಕಲ್ಲುಗಳು ಮಾತ್ರ ಅವನಿಗೆ ಗುರುತು ಸಿಕ್ಕವು.

ಪುಣೆಯ ಪಾಲುದಾರರ ಪೈಕಿ ಒಬ್ಬ ಬಂದಿದ್ದ. ಅವನ ಜೊತೆಗೆ ಕ್ಯಾಮರಾ ಹಿಡಿದ ಪೂನಮ ಎಂಬ ಹುಡುಗಿ. ಸೋಲಾಪುರದ ಕಡೆಯವಳು, ಕನ್ನಡ ಚೆನ್ನಾಗಿ ಬರುತ್ತಿತ್ತು. ಭಾಗಪ್ಪ ನೀರು ಕುಡಿದು, ಕಣ್ಣು ಮುಚ್ಚಿ, ಇದೇ ನೀರು ಎನ್ನಬೇಕು. ಅದಾದ ಮೇಲೆ ಸಹಿ, ಚೆಕ್, ಊಟ.

ಅಷ್ಟರಲ್ಲಿ ಪಕ್ಕದ ತೋಟದ ಮನೆಯೊಳಗಿಂದ ಚಂದ್ರಕಾಂತನ ಅಜ್ಜಿ ಗುರುಬಾಯಿ ಬಂದಳು. ಎಂಬತ್ತರ ಮುದುಕಿ. ಬಂದ ಅತಿಥಿಗೆ ಮೊದಲು ನೀರು ಕೊಡಬೇಕೆಂಬುದು ಅವಳ ಲೆಕ್ಕ. ಕ್ಯಾಮರಾ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಎಡಗೈಯಲ್ಲಿ ಸ್ಟೀಲಿನ ಗ್ಲಾಸು, ಬಲಗೈಯಲ್ಲಿ ತಾಮ್ರದ ಚರಗಿ. "ಬಿಸಲಾಗ ಬಂದೀರಿ, ನೀರ ಕುಡೀರಿ ಯಪ್ಪಾ" ಎನ್ನುತ್ತ ಭಾಗಪ್ಪನ ಮುಂದೆ ನಿಂತು, ಗ್ಲಾಸು ತುಂಬಲೆಂದು ಚರಗಿ ಎತ್ತಿ ಬಗ್ಗಿಸಿದಳು.

ಚರಗಿ ಬಗ್ಗಿದ್ದನ್ನು ಭಾಗಪ್ಪ ನೋಡಿದ. ಅವನ ಮೊಣಕಾಲು ಮಡಿಯಿತು, ಬೆನ್ನು ಬಾಗಿತು, ಎರಡೂ ಕೈ ಕೂಡಿಕೊಂಡು ಬೊಗಸೆಯಾಗಿ ಗ್ಲಾಸಿನ ಕೆಳಗೆ ಬಂದು ನಿಂತವು.

ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಸರ್ಕಾರದ ಪಿಂಚಣಿ ತಿನ್ನುವ ಅರವತ್ಮೂರು ವರ್ಷದ ಮನುಷ್ಯ, ಕಿಸೆಯಲ್ಲಿ ಐದು ಲಕ್ಷದ ಚೆಕ್ ಇಟ್ಟುಕೊಂಡು, ತುಂಬುತ್ತಿದ್ದ ಗ್ಲಾಸಿನ ಕೆಳಗೆ ಬೊಗಸೆ ಹಿಡಿದು ಬಗ್ಗಿದ್ದ. ಗ್ಲಾಸು ತುಳುಕಿ ನೀರು ಅವನ ಕೈಗೆ ಬಿತ್ತು. ಅವನು ಅದನ್ನು ಕುಡಿದೂ ಬಿಟ್ಟ. ಬಾಯಿಗೆ ತಂಪಾಯಿತು. ಮತ್ತೇನೂ ಆಗಲಿಲ್ಲ.

"ಗ್ಲಾಸ್ ಐತಲ್ಲೋ ಯಪ್ಪಾ," ಎಂದಳು ಗುರುಬಾಯಿ. ಆಮೇಲೆ ಅವನ ಮುಖವನ್ನು ಹತ್ತಿರದಿಂದ ದಿಟ್ಟಿಸಿದಳು. "ನೀ ರಾಜಾರಾಮನ ಮಗಾ ಏನು?"

"ಹೌದ್ರಿ ಅವ್ವಾರ."

"ಬಗ್ಗೂದು ಹಂಗs ಐತಿ." ಮುದುಕಿ ಚರಗಿಯನ್ನು ಎದೆಗೆ ಅವಚಿಕೊಂಡಳು. "ನಾನs ಸುರುವತಿದ್ದೆ ನಿಮ್ಮಪ್ಪಗ. ಹೊಸಾ ಸೊಸಿ ಆಗ. ಭಾಳ ಎತ್ತರಿಂದ ಸುರೀತಿ, ನೀರು ದಂಡ ಆಗತೈತಿ ಅಂತ ನಮ್ಮತ್ತಿ ಬೈತಿದ್ಳು. ತಳಗ ಹಿಡದ್ರ ಮೈಲಿಗಿ ಅಂತ ಅದಕೂ ಬೈತಿದ್ಳು." ಅಷ್ಟು ಹೇಳಿ, ಗ್ಲಾಸನ್ನು ಅವನ ಕೈಗೆ ಕೊಡುವುದನ್ನೂ ಮರೆತು ನಿಂತಳು.

"ಸೂಪರ್!" ಎಂದಳು ಪೂನಮ, ಕ್ಯಾಮರಾದ ಹಿಂದಿನಿಂದ. "ಎಷ್ಟು ನ್ಯಾಚುರಲ್ ಬಂತ್ರಿ! ಕೈಯಾಗ ಕುಡಿಯೂದು ಅಗದೀ ಮಸ್ತ ಐತಿ. ಅಂಕಲ್, ಇನ್ನೊಮ್ಮೆ ಹಂಗs ಮಾಡ್ರಿ. ಸ್ವಲ್ಪ ಇನ್ನೂ ಬಗ್ರಿ, ಹಿಂದ ಬಾವಿ ಕಾಣ್ಲಿ."

ಕ್ಯಾಮರಾದಲ್ಲೇ ಮುಳುಗಿದ್ದ ಅವಳ ಕಿವಿಗೆ ಮುದುಕಿಯ ಮಾತು ಬಿದ್ದಿರಲಿಲ್ಲ. ಪುಣೆಯವನಿಗೆ ಭಾಷೆಯೇ ಗೊತ್ತಿರಲಿಲ್ಲ. ಚಂದ್ರಕಾಂತನಿಗೆ ಮಾತ್ರ ಗೊತ್ತಾಯಿತು. ಅವನ ಮುಖ ಕೆಂಪಾಯಿತು. ಆದರೆ ಹಂಡೆಗಳು ಬಂದಿಳಿದಿದ್ದವು, ಸಾಲವಾಗಿತ್ತು. ಅವನು ಭಾಗಪ್ಪನ ಹತ್ತಿರ ಬಂದು ಮೆಲ್ಲಗೆ, "ಹಳೇ ಕಾಲದ್ದು ಮನಸಿಗಿ ಹಚ್ಕೋಬ್ಯಾಡ್ರಿ ಕಾಕಾ. ಗ್ಲಾಸಿನ್ಯಾಗs ಕುಡೀರಿ. ನೀರು ಹೆಂಗೈತಿ ಅದಷ್ಟ ಹೇಳ್ರಿ" ಎಂದ.

"ಗೊತ್ತಿಲ್ಲ."

"ಅಂದ್ರ?"

"ನನ್ನ ನಾಲಿಗಿ ಸತ್ತು ನಾಲ್ಕು ವರ್ಷ ಆತು. ಸವಳೂ ತಿಳಿಯೂದಿಲ್ಲ, ಸವೀನೂ ತಿಳಿಯೂದಿಲ್ಲ." ಹಿಂದೆ ಗಾಡಿಗೆ ಒರಗಿ ನಿಂತಿದ್ದ ದಾದಾಸಾಬ ತಲೆ ಎತ್ತಿದ. ಅವನಿಗೂ ಇದು ಹೊಸ ಸುದ್ದಿ.

ಚಂದ್ರಕಾಂತ ಫೈಲು ಬಿಚ್ಚಿ ಒಂದು ಹಾಳೆ ತೋರಿಸಿದ. "ತಿಳೀದಿದ್ರ ಏನಾತ್ರಿ? ಲ್ಯಾಬ್ ರಿಪೋರ್ಟ್ ಬಂದೈತಿ, ನೀರು ಚೊಲೋ ಐತಿ. ನೀವು ಹೂಂ ಅಂದ್ರ ಸಾಕು. ಕ್ಯಾಮರಾಕ್ಕ ರುಚಿ ಹತ್ತತೈತೇನು?"

ಮಾತು ಸರಿಯೇ ಇತ್ತು. ನಾಲ್ಕು ವರ್ಷ ಓಣಿಯ ಜನಕ್ಕೆ ಅವನು ಮಾಡಿದ್ದೂ ಅದನ್ನೇ. ಹೂಂ ಎಂದರೆ ಬಾವಿಯಲ್ಲಿ ಪಾಲು. ಭಾಗಪ್ಪ ತನ್ನ ಒದ್ದೆ ಕೈಗಳನ್ನು ನೋಡಿಕೊಂಡ. ಕಾಗದ ಸಿಕ್ಕರೂ ಈ ಕೈಗಳಿಗೆ ಓದಲಿಕ್ಕೆ ಬರುವುದಿಲ್ಲ ಎಂದು ಅನಿಸಿತು. ಐದು ಲಕ್ಷ ಕೊಟ್ಟು ಮಾಲೀಕನಾದ ಮೇಲೂ, ಯಾರೋ ಒಂದು ಚರಗಿ ಬಗ್ಗಿಸಿದರೆ ಇವು ಮತ್ತೆ ಕೂಡಿಕೊಳ್ಳುತ್ತವೆ.

"ನಡಿ ದಾದ್ಯಾ" ಎಂದ.

ದಾರಿಯುದ್ದಕ್ಕೂ ದಾದಾಸಾಬ ಒಂದೂ ಚೇಷ್ಟೆ ಮಾಡಲಿಲ್ಲ. ಅದರಿಂದಲೇ ಭಾಗಪ್ಪನಿಗೆ ಹೆಚ್ಚು ನೋವಾಯಿತು.

ಮನೆಗೆ ಬಂದು ಚೆಕ್ಕನ್ನು ಸೀತವ್ವನ ಮುಂದಿಟ್ಟು, ಬೊಗಸೆಯ ಸುದ್ದಿ ಬಿಟ್ಟು, ನಾಲಿಗೆಯ ಸುದ್ದಿ ಹೇಳಿದ. ಅವಳು ತಾಟು ಹಾಕುತ್ತಲೇ, "ಗೊತ್ತೈತಿ" ಅಂದಳು. "ಬಿಪಿ ಐತಂತ ಡಾಕ್ಟರ್ ಹೇಳಿದಾಗಿಂದ ನಿಮ್ಮ ಪಲ್ಯಾಕ ಉಪ್ಪs ಹಾಕಿಲ್ಲ. ಮೂರು ವರ್ಷ ಆತು. ಒಂದಿನ ಸೈತ ಕೇಳಿಲ್ಲ ನೀವು." ಆಮೇಲೆ ಅವನ ಮುಖ ನೋಡಿ, "ಹೇಳಿದ್ರ ಏನ ಕಳಕೋತಿದ್ರಿ?" ಎಂದಳು. ಅವನು ಉಣ್ಣದೆ ಎದ್ದ.

ಅಲ್ಲಿಗೆ ಮುಗಿಯಬೇಕಿತ್ತು. ಬಂಡವಾಳ ಹಾಕದವನ ಬಂಡವಾಳವೂ ಬಯಲಾಗಬಹುದು ಎಂದು ಅವನಿಗೆ ಹೊಳೆದಿರಲಿಲ್ಲ. ಇಪ್ಪತ್ತು ದಿನದ ಮೇಲೆ ದಾದಾಸಾಬ ಮೊಬೈಲ್ ಹಿಡಿದು ಬಂದ. ತೋರಿಸಲೋ ಬೇಡವೋ ಎಂದು ಹತ್ತು ನಿಮಿಷ ಕುಳಿತು, ಕೊನೆಗೆ ತೋರಿಸಿದ. ಹನ್ನೆರಡು ಸೆಕೆಂಡಿನ ಚಿತ್ರ. ಚರಗಿ ಬಗ್ಗುತ್ತದೆ, ಮುದುಕನೊಬ್ಬ ಬೊಗಸೆ ಒಡ್ಡಿ ಬಗ್ಗುತ್ತಾನೆ, ನೀರು ನಿಧಾನವಾಗಿ ಬೀಳುತ್ತದೆ, ಹಿನ್ನೆಲೆಗೆ ಏಕತಾರಿಯ ನಾದ. ಕೆಳಗೆ ಅಕ್ಷರ: 'ಡೋಣಿ. ಮಣ್ಣಿನ ಋಣ.' ಮೂರು ಲಕ್ಷ ಜನ ನೋಡಿದ್ದರು.

ವಿಹಾರದ ಹುಡುಗರೂ ನೋಡಿದ್ದರು. ಐತವಾರ ಒಬ್ಬ ಹುಡುಗ, "ಅಜ್ಜಾರ, ನೀವು ಯಾಕ ಬಗ್ಗಿದ್ರಿ?" ಎಂದು ಕೇಳಿದ. ತಪ್ಪು ಹೊರಿಸಿ ಕೇಳಿದ್ದಲ್ಲ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

ಭಾಗಪ್ಪ ಚಂದ್ರಕಾಂತನಿಗೆ ಫೋನು ಮಾಡಿದ. "ತಗೀರಿ ಅದನ್ನ."

"ನಂದು ಒಬ್ಬಂದs ನಡಿಯೂದಿಲ್ರಿ ಕಾಕಾ. ಪುಣೆಯವರು ಕೇಳವಲ್ರು. ಅದರಿಂದs ಆರ್ಡರ್ ಬರಾಕತ್ತಾವು. ನಿಮಗ ಅನ್ಯಾಯ ಆಗಬಾರದು. ಒಂದು ಕಾಗದ ಕಳಸ್ತೀನಿ, ನೋಡ್ರಿ."

ಕಾಗದ ಕೊರಿಯರ್‌ನಲ್ಲಿ ಬಂತು. ಕಂಪನಿಯಲ್ಲಿ ಅರ್ಧ ಪರ್ಸೆಂಟ್ ಪಾಲು, ಒಂದು ಪೈಸೆ ಬಂಡವಾಳವಿಲ್ಲದೆ. ಬಾವಿ, ಎರಡೆಕರೆ, ಹಂಡೆ ಎಲ್ಲದರಲ್ಲೂ. ಬದಲಿಗೆ ಆ ಹನ್ನೆರಡು ಸೆಕೆಂಡಿನ ಮೇಲೆ ತನ್ನ ತಕರಾರಿಲ್ಲ ಎಂದು ಭಾಗಪ್ಪ ಕೊನೆಯ ಪುಟದಲ್ಲಿ ಸಹಿ ಮಾಡಬೇಕು. ಐದು ಲಕ್ಷಕ್ಕೆ ಕೊಳ್ಳಲು ಹೋಗಿದ್ದ ಕಾಗದ ಬಿಟ್ಟಿಯಾಗಿ ಮನೆ ಬಾಗಿಲಿಗೆ ಬಂದು ಬಿದ್ದಿತ್ತು.

ಮೂರು ದಿನ ಅದು ಟಿವಿಯ ಮೇಲೆ ಇತ್ತು. ಸೀತವ್ವ ಅದರ ಮೇಲಿನ ಧೂಳು ಒರೆಸಿದಳು, ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಭಾಗಪ್ಪ ಕನ್ನಡಕ ಹಾಕಿಕೊಂಡು, ಸಹಿಯ ಜಾಗ ಖಾಲಿ ಬಿಟ್ಟು, ಅದರ ಕೆಳಗೆ ಸಾವಕಾಶವಾಗಿ ಬರೆದ: 'ಈ ಚಿತ್ರದಲ್ಲಿ ನೀರು ಕುಡಿದ ಕೈಗಳು ನನ್ನವಲ್ಲ, ನಮ್ಮ ತಂದೆಯವು. ಆದ್ದರಿಂದ ಸಹಿ ಅವರದೇ ಬೇಕು. ಅವರು ೧೯೮೪ರಲ್ಲಿ ತೀರಿಕೊಂಡಿದ್ದಾರೆ.'

ಸೀತವ್ವ ಹಿಂದಿನಿಂದ ಬಗ್ಗಿ ಓದಿದಳು.

"ಬರೇ ತಂದಿ ಅಂದ್ರ ಅವರಿಗೇನ ತಿಳೀತೈತಿ?" ಎಂದಳು. "ಹೆಸರ ಬರೀರಿ."

ಅವನು 'ತಂದೆ' ಎಂಬ ಶಬ್ದದ ಮೇಲೆ ಸಣ್ಣ ಗುರುತು ಹಾಕಿ, ಪಕ್ಕದಲ್ಲಿ ರಾಜಾರಾಮ ಎಂದು ಬರೆದ.